ಲಕ್ಕಮ್ಮನ ಅಕ್ಕಿ, ನಮ್ಮ ಕಾಲುವೆಯ ನೀರು





ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ಶರಣ ದಂಪತಿಗಳಿದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ; ಆ ಅಕ್ಕಿಯಿಂದ ಪ್ರಸಾದ ಸಿದ್ಧಪಡಿಸಿ ಜಂಗಮ ದಾಸೋಹ ನಡೆಸುವುದು ಲಕ್ಕಮ್ಮನ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಆಕೆ ಹಿಗ್ಗಲಿಲ್ಲ. ಇಷ್ಟು ನಮಗೆ ಬೇಡ, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಈ ಪ್ರಸಂಗವನ್ನು ನಾವೆಲ್ಲರೂ ಪ್ರವಚನಗಳಲ್ಲಿ ಹಲವು ಸಲ ಕೇಳಿದ್ದೇವೆ. ಆದರೆ ಒಂದು ಅಂಶವನ್ನು ಗಮನಿಸುವುದು ಕಡಿಮೆ. ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದಲ್ಲ, ಯಾರೂ ಆಕ್ಷೇಪಿಸಿದ್ದೂ ಅಲ್ಲ. ನೆಲಕ್ಕೆ ಬಿದ್ದದ್ದು, ಯಾರು ಬೇಕಾದರೂ ಆಯಬಹುದಾಗಿದ್ದುದು. ಆದರೂ ಅಗತ್ಯವನ್ನು ಮೀರಿದ್ದು ಎಂಬ ಒಂದೇ ಕಾರಣಕ್ಕೆ ಆ ತಾಯಿಯ ದೃಷ್ಟಿಯಲ್ಲಿ ಅದು ಕಾಯಕದ ಫಲವಾಗಿ ಉಳಿಯಲಿಲ್ಲ.

ಈ ದಂಪತಿಗಳು ನಮ್ಮ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಪರಂಪರೆ ಹೇಳುತ್ತದೆ. ಇಬ್ಬರ ವಚನಾಂಕಿತದಲ್ಲಿಯೂ ಅಮರೇಶ್ವರಲಿಂಗದ ಹೆಸರೇ ಇದೆ. ಅಕ್ಕಿಯ ವಿಷಯದಲ್ಲಿ ಲೋಕಕ್ಕೆ ಮಿತಿಯ ಪಾಠ ಹೇಳಿದ ತಾಯಿಯ ಜಿಲ್ಲೆಯಲ್ಲಿಯೇ ಇಂದು ಅಕ್ಕಿ ಬೆಳೆಯುವ ನೀರಿಗಾಗಿ ಊರೂರುಗಳ ನಡುವೆ ಮನಸ್ತಾಪ ನಡೆದಿದೆ. ಶಿಕ್ಷಕ ವೃತ್ತಿಯಿಂದ ನಿವೃತ್ತನಾಗಿ, ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ವಿತರಣಾ ನಾಲೆಯ ಮೇಲ್ಭಾಗದಲ್ಲಿ ನಾಲ್ಕು ಎಕರೆ ಒಕ್ಕಲುತನ ಮಾಡುವವನಾದ ನನಗೆ ಲಕ್ಕಮ್ಮನ ನಿಷ್ಠೆಯು ಪುಸ್ತಕದ ವಿಷಯವಾಗಿ ಉಳಿಯದೆ ಹೊಲದ ವಿಷಯವಾಗಿದೆ. ಆ ಕುರಿತು ನಾಲ್ಕು ಮಾತುಗಳನ್ನು ತಮ್ಮೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿದ ಜಲಾಶಯದಲ್ಲಿ ನೀರು ನಿಂತದ್ದು 1953ರಲ್ಲಿ. ಬರಗಾಲದಿಂದ ಬೆಂದ ಈ ನಾಡಿನ ಆದಷ್ಟು ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಿಸಿ ಬೆಳೆಯನ್ನು ಕಾಪಾಡಬೇಕೆಂಬುದು ಯೋಜನೆಯ ಮೂಲ ಆಶಯವಾಗಿತ್ತು. ಆದ್ದರಿಂದ ಬಹುಪಾಲು ಭೂಮಿಯನ್ನು ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗಳಿಗೆ ಗೊತ್ತುಪಡಿಸಿ, ಭತ್ತಕ್ಕೆ ಸಣ್ಣ ಪಾಲನ್ನು ಮಾತ್ರ ಇಡಲಾಗಿತ್ತು. ಕಾಲಕ್ರಮದಲ್ಲಿ ಕಾಲುವೆಯ ಮೇಲ್ಭಾಗವೆಲ್ಲ ಭತ್ತದ ಮಡಿಗಳಾದವು. ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಹಲವು ಎಕರೆ ಜೋಳ ಬೆಳೆಯಬಹುದು. ಹಾಗಾಗಿ ಮೇಲೆ ಭತ್ತ ಹಬ್ಬಿದಷ್ಟೂ ಕೆಳಗಿನ ಕಾಲುವೆ ಒಣಗಿತು. ಇತ್ತ ಹೂಳು ತುಂಬಿ, ಮೊದಲು ಸುಮಾರು 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ ಸುಮಾರು 105 ಟಿಎಂಸಿಗೆ ಇಳಿಯಿತು. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಕ್ರಸ್ಟ್‌ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಸುಮಾರು ಒಂದು ವಾರ ಕಣ್ಣೆದುರೇ ನೀರು ನದಿಗೆ ಹರಿದುದನ್ನು ಕಂಡು ಕಣ್ಣೀರು ತಂದುಕೊಳ್ಳದ ರೈತ ಈ ಭಾಗದಲ್ಲಿಲ್ಲ. ಆ ನೀರಿಗಾಗಿ ಮರುಗಿದ ನಾವು, ದಿನನಿತ್ಯ ಮಡಿಯ ಬದು ದಾಟಿ ಬಸಿಗಾಲುವೆಗೆ ಹರಿಯುವ ನೀರಿಗಾಗಿಯೂ ಅಷ್ಟೇ ಮರುಗಬೇಕಲ್ಲವೇ?

ನನ್ನ ತಂಗಿಯನ್ನು ಕೊಟ್ಟ ಊರು ಅದೇ ನಾಲೆಯ ಕೊನೆ ಭಾಗದಲ್ಲಿದೆ. ಅಲ್ಲಿ ಕಾಲುವೆ ಇದೆ, ತೂಬು ಇದೆ, ದಾಖಲೆಯಲ್ಲಿ ನೀರಾವರಿ ಜಮೀನೂ ಇದೆ. ಇಲ್ಲದಿರುವುದು ನೀರು ಮಾತ್ರ. ಆಕೆಯ ಹಿರಿಯ ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು ಬಸವಜಯಂತಿಗೆ ಮಾತ್ರ ಊರಿಗೆ ಬರುತ್ತಾನೆ. ಪಂಚಮಿಗೆ ತವರಿಗೆ ಬಂದಿದ್ದಾಗ ತಂಗಿ ನಗುನಗುತ್ತಲೇ ಒಂದು ಮಾತು ಹೇಳಿದಳು: “ಅಣ್ಣಾ, ನಿಮ್ಮೂರಾಗ ಬದುವಿನ ಮ್ಯಾಲೆ ನಿಂತ್ರ ನೆಲ್ಲು ಕಾಣತೈತಿ. ನಮ್ಮೂರಾಗ ನಿಂತ್ರ ಬೆಂಗಳೂರು ಬಸ್ಸು ಕಾಣತೈತಿ.” ಅವಳ ಮಾತಿನಲ್ಲಿ ದೂರು ಇರಲಿಲ್ಲ. ಇದ್ದ ಸಂಗತಿಯನ್ನು ಇದ್ದಂತೆ ಹೇಳಿದಳು, ಅಷ್ಟೆ. ಮಾರಯ್ಯ ಹೆಚ್ಚು ಆಯ್ದ ಅಕ್ಕಿ ಇನ್ನಾರದೋ ಪಾಲು ಎಂಬುದು ಲಕ್ಕಮ್ಮನಿಗೆ ಹೊಳೆದಿತ್ತು. ಮೇಲಿನ ಮಡಿಯಲ್ಲಿ ನಿಂತ ಹೆಚ್ಚಿನ ನೀರು ಯಾರ ಪಾಲು ಎಂಬುದಕ್ಕೆ ನನಗೆ ಬೇರೆ ವ್ಯಾಖ್ಯಾನ ಬೇಕಾಗಲಿಲ್ಲ.

ಹಾಗಾದರೆ ಭತ್ತಕ್ಕೆ ಬೇಕಾದ ನೀರೆಷ್ಟು? ಭತ್ತವು ನೀರಿನಲ್ಲಿ ನಿಲ್ಲಬಲ್ಲ ಬೆಳೆ. ಆದರೆ ಸದಾ ನೀರಿನಲ್ಲಿಯೇ ನಿಲ್ಲಬೇಕಾದ ಬೆಳೆಯಲ್ಲ. ಈ ಎರಡರ ಅಂತರವನ್ನು ತಿಳಿಯುವುದೇ ಇಲ್ಲಿಯ ಅರಿವು. ನಾವು ಮಡಿಗೆ ನೀರು ಕಟ್ಟಿ, ಟ್ರ್ಯಾಕ್ಟರಿಗೆ ಕಬ್ಬಿಣದ ಗಾಲಿ ತೊಡಿಸಿ, ಮಣ್ಣನ್ನು ತುಳಿತುಳಿದು ಕೆಸರು ಮಾಡುತ್ತೇವೆ. ಹೀಗೆ ಮಾಡುವುದರಿಂದ ಮಣ್ಣಿನ ರಂಧ್ರಗಳು ಮುಚ್ಚಿ ನೀರು ಇಂಗದೆ ನಿಲ್ಲುತ್ತದೆ. ನಿಂತ ನೀರು ಕಳೆಯನ್ನು ಅಡಗಿಸುತ್ತದೆ. ಅದು ಹಿರಿಯರು ಕಂಡುಕೊಂಡ ಉಪಾಯ. ಅದನ್ನು ಹಳಿಯುವ ಕಾರಣವಿಲ್ಲ. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಒಂದು ಎಕರೆಯಲ್ಲಿ ಒಂದು ಅಂಗುಲ ನೀರು ನಿಂತರೆ ಅದು ಸುಮಾರು ಒಂದು ಲಕ್ಷ ಲೀಟರ್. ಕೆಸರು ಮಾಡುವುದಕ್ಕೇ ಹಲವು ಅಂಗುಲ ನೀರು ವ್ಯಯವಾಗುತ್ತದೆ. ವರ್ಷವರ್ಷವೂ ತುಳಿದ ನೆಲದಡಿಯಲ್ಲಿ ಗಟ್ಟಿ ಪದರವೊಂದು ಕಟ್ಟಿಕೊಂಡು, ಮುಂದಿನ ಬೆಳೆಯ ಬೇರು ಕೆಳಗಿಳಿಯದು. ಬೇಡವಾದ ನೀರು ನಿಂತು ನಿಂತು ಅಂತರ್ಜಲ ಮೇಲೇರಿ, ಲವಣ ಹೊರಬಿದ್ದು, ಭೂಮಿ ಸವಳು-ಜವಳಾಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಬಹುಕಾಲದಿಂದ ಅಧ್ಯಯನ ಮಾಡುತ್ತಿರುವುದು ಈ ರೋಗವನ್ನೇ. ಅಧಿಕವಾಗಿ ಕೂಡಿಟ್ಟದ್ದು ಕೂಡಿಟ್ಟವನನ್ನೇ ಕೆಡಿಸುತ್ತದೆ ಎಂಬುದಕ್ಕೆ ಬಿಳಿಯ ಉಪ್ಪು ಮೆತ್ತಿದ ಆ ಹೊಲಗಳಿಗಿಂತ ದೊಡ್ಡ ದೃಷ್ಟಾಂತ ಬೇಡ.

ನೀರನ್ನು ಮಿತಗೊಳಿಸುವ ಮೊದಲ ದಾರಿ ಬಹು ಸರಳವಾದುದು. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಪ್ರಚಾರಕ್ಕೆ ತಂದ ಈ ಪದ್ಧತಿಯಲ್ಲಿ ಮಡಿಯನ್ನು ಒಮ್ಮೆ ತೋಯಿಸಿ, ಒಮ್ಮೆ ಆರಿಸಲಾಗುತ್ತದೆ. ಸುಮಾರು ಒಂದು ಅಡಿ ಉದ್ದದ ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕೆ ತೂತುಗಳನ್ನು ಕೊರೆದು, ಆ ಅರ್ಧವನ್ನು ಮಡಿಯಲ್ಲಿ ಹೂಳಿ, ಒಳಗಿನ ಮಣ್ಣನ್ನು ತೆಗೆಯಬೇಕು. ಮಣ್ಣಿನೊಳಗಿನ ನೀರಿನ ಮಟ್ಟ ಪೈಪಿನಲ್ಲಿ ಕಾಣುತ್ತದೆ. ನಾಟಿಯಾಗಿ ಎರಡು ವಾರ ಕಳೆದ ಮೇಲೆ, ಮಡಿಯ ಮೇಲೆ ನೀರು ಕಾಣದಿದ್ದರೂ ಗಾಬರಿಯಾಗದೆ, ಪೈಪಿನಲ್ಲಿ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮಾತ್ರ 5 ಸೆಂಟಿಮೀಟರ್ ನೀರು ಕಟ್ಟಬೇಕು. ಹೂವಾಡುವ ವೇಳೆಯಲ್ಲಿ, ಅದರ ಹಿಂದೊಂದು ವಾರ ಮುಂದೊಂದು ವಾರ, ನೀರು ನಿಂತಿರಲೇಬೇಕು. ಕ್ರಮವರಿತು ಮಾಡಿದರೆ ಇಳುವರಿ ತಗ್ಗದೆ ಶೇಕಡಾ 30ರವರೆಗೂ ನೀರು ಉಳಿಯಬಲ್ಲುದು. ನಿಂತ ನೀರಿನ ಕೆಸರಿನಿಂದ ಹುಟ್ಟಿ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲವೂ ಗಣನೀಯವಾಗಿ ತಗ್ಗುತ್ತದೆ. ನಮ್ಮ ಎರೆಭೂಮಿಯಲ್ಲಿ ಒಂದು ಎಚ್ಚರ ಅವಶ್ಯ: ಮಣ್ಣು ಬಿರುಕು ಬಿಡುವಷ್ಟು ಒಣಗಿಸಬಾರದು. ಬಿರುಕಾದರೆ ಮುಂದೆ ಕಟ್ಟಿದ ನೀರೆಲ್ಲ ಆ ಬಿರುಕಿನಲ್ಲಿಯೇ ಇಳಿದುಹೋಗಿ ಉಳಿತಾಯದ ಬದಲು ನಷ್ಟವಾಗುತ್ತದೆ. ಉಪವಾಸಕ್ಕೂ ಮಿತಿಯುಂಟು, ಕಾಯವನ್ನು ದಂಡಿಸುವುದನ್ನು ಶರಣರು ಒಪ್ಪಿದವರಲ್ಲ.

ಎರಡನೆಯ ದಾರಿ ಕೆಸರು ಮಾಡುವುದನ್ನೇ ಬಿಟ್ಟು, ಒಣನೆಲದಲ್ಲಿ ಜೋಳ ಬಿತ್ತುವಂತೆ ಭತ್ತವನ್ನು ಕೂರಿಗೆಯಿಂದ ಬಿತ್ತುವುದು. ಸಸಿಮಡಿ ಬೇಡ, ನಾಟಿ ಬೇಡ. ಮುಂಗಾರಿನ ಮಳೆಗೆ ಬೀಜ ಮೊಳೆಯುತ್ತದೆ. ಕಾಲುವೆಗೆ ನೀರು ಬರುವುದನ್ನು ಕಾಯುತ್ತ ಕೂರಬೇಕಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರು ಈ ಪದ್ಧತಿಯನ್ನು ನಮ್ಮ ಭಾಗದಲ್ಲಿ ಪ್ರಚಾರ ಮಾಡಿದ್ದಾರೆ. ವಚನಕಾರರಲ್ಲಿ ಒಕ್ಕಲಿಗ ಮುದ್ದಣ್ಣನೆಂಬ ಶರಣನು ಹೊಲ, ಬೀಜ, ಬೆಳೆಗಳ ಪರಿಭಾಷೆಯಲ್ಲಿಯೇ ಅನುಭಾವವನ್ನು ಹೇಳಿದವನು. ಅವನ ವಚನಗಳನ್ನು ಮಕ್ಕಳಿಗೆ ಪಾಠ ಹೇಳುವಾಗ ಹೊಳೆಯದ ಅರ್ಥ ಕೂರಿಗೆಯ ಹಿಂದೆ ನಡೆಯುವಾಗ ನನಗೆ ಹೊಳೆದದ್ದುಂಟು. ಕೆಸರಿನಲ್ಲಿ ನೀರು ಮಣ್ಣಿನ ದೋಷಗಳನ್ನು ಮುಚ್ಚಿಬಿಡುತ್ತದೆ. ಒಣನೆಲದಲ್ಲಿ ಏನೂ ಮುಚ್ಚುವುದಿಲ್ಲ. ಉಬ್ಬುತಗ್ಗು, ಕಳೆ, ನಮ್ಮ ಸೋಮಾರಿತನ ಎಲ್ಲವೂ ಹೊರಗೆ ಕಾಣುತ್ತವೆ.

ಇದರ ಕಷ್ಟಗಳನ್ನು ಮರೆಮಾಚುವುದು ಸತ್ಯಕ್ಕೆ ಸಲ್ಲದು. ನೀರು ನಿಲ್ಲದ ಮಡಿಯಲ್ಲಿ ಕಳೆಯ ಕಾಟ ಬಲು ಹೆಚ್ಚು. ಮೊದಲ ನಲವತ್ತು ದಿನ ಕಣ್ಣು ಮುಚ್ಚಿದರೆ ಬೆಳೆಯೇ ಕೈ ತಪ್ಪುತ್ತದೆ. ಕೆಲವು ಮಣ್ಣುಗಳಲ್ಲಿ ಕಬ್ಬಿಣದ ಅಂಶ ಸಿಗದೆ ಪೈರು ಹಳದಿಯಾಗುತ್ತದೆ. ಬೀಜ ಆಳಕ್ಕೆ ಬಿದ್ದರೆ ಮೊಳೆಯದು; ಬಿತ್ತಿದ ಮರುದಿನವೇ ದೊಡ್ಡ ಮಳೆ ಬಂದು ನೀರು ನಿಂತರೆ ಕೊಳೆಯುತ್ತದೆ. ನಮ್ಮ ಮೊದಲ ವರ್ಷದ ಕೂರಿಗೆ ಭತ್ತ ಪಕ್ಕದ ನಾಟಿ ಮಡಿಗಿಂತ ಎಕರೆಗೆ ಎರಡು ಚೀಲ ಕಡಿಮೆ ಬಂದಿತು. ಸಸಿಮಡಿ, ಕೆಸರು, ನಾಟಿಗಳ ಖರ್ಚು ಉಳಿದುದರಿಂದ ಲೆಕ್ಕ ಸರಿಹೋಯಿತು.

ಲೆಕ್ಕಕ್ಕೆ ಸಿಗದ ಪ್ರಶ್ನೆಯೊಂದು ಬೇರೆ ಕಡೆಯಿಂದ ಬಂದಿತು. ನಾಟಿಯ ಗುಂಪಿನ ಹಿರಿಯಾಕೆ ಕೇಳಿದಳು: “ಮಾಸ್ತರ್ರ, ಕೂರಿಗಿ ಬಂತಂದ್ರ ನೆಲ್ಲು ಹಚ್ಚೋ ನಮ್ಮ ಕೈಗೆ ಏನ್ ಉಳೀತೈತ್ರಿ?” ನೀರಿನ ಉಳಿತಾಯ ಒಬ್ಬರ ಕಾಯಕವನ್ನು ಕಸಿದು ಬರುವುದಾದರೆ ಅದನ್ನು ದಾಸೋಹವೆನ್ನಬಹುದೇ? ಎರಡನೆಯ ಸಲದ ಕಳೆನಾಶಕವನ್ನು ಕೈಬಿಟ್ಟು, ಆ ಕೆಲಸವನ್ನು ಅದೇ ಗುಂಪಿಗೆ ಕೈಗಳೆಗೆ ಕೊಡುವುದೆಂದು ಮನೆಯಲ್ಲಿ ನಿರ್ಧರಿಸಿದೆವು. ಅದರಿಂದ ನಾಟಿಯ ದಿನಗಳಷ್ಟು ಕೂಲಿ ತುಂಬಿಬರುವುದಿಲ್ಲ ಎಂಬುದನ್ನು ನಾನು ಬಲ್ಲೆ. ಆ ತಾಯಿಯ ಪ್ರಶ್ನೆ ಇಂದಿಗೂ ಪೂರ್ಣ ಉತ್ತರವನ್ನು ಕಾಯುತ್ತಿದೆ. ನೀರಿನ ವಿಷಯ ಮಾತನಾಡುವವರೆಲ್ಲರೂ ಅದನ್ನು ಎದುರಿಸಲೇಬೇಕು.

ಈ ಪರೀಕ್ಷೆ ನಮ್ಮ ನಾಡಿಗೆ ಮಾತ್ರ ಬಂದುದಲ್ಲ. ಪಂಜಾಬ್, ಹರಿಯಾಣಗಳ ಬಯಲಿನಲ್ಲಿ ಮುಂಗಾರಿಗೆ ಭತ್ತ, ಹಿಂಗಾರಿಗೆ ಗೋಧಿ ಬೆಳೆಯುತ್ತಾರೆ. ನಮ್ಮಲ್ಲಿ ಕೊನೆ ಭಾಗದವರು ಕಾಲುವೆಯ ಕೆಳಗಿದ್ದಾರೆ. ಅಲ್ಲಿ ನೀರು ಕೊಳವೆಬಾವಿಯದಾದ್ದರಿಂದ ಕೊನೆ ಭಾಗದವರು ಮುಂದಿನ ತಲೆಮಾರಿನಲ್ಲಿದ್ದಾರೆ. ಅಂತರ್ಜಲ ಪಾತಾಳಕ್ಕಿಳಿದುದನ್ನು ಕಂಡು, ಸುಡುಬಿಸಿಲಿನಲ್ಲಿ ನಾಟಿ ಮಾಡಬಾರದೆಂದು ಪಂಜಾಬ್ ಸರಕಾರ 2009ರಲ್ಲಿ ಕಾಯ್ದೆ ತಂದು, ಜೂನ್ 10ಕ್ಕಿಂತ ಮೊದಲು ನಾಟಿಯನ್ನು ನಿಷೇಧಿಸಿತು. ಅದರಿಂದ ನೀರಿಗೆ ಉಪಕಾರವಾಯಿತು. ಆದರೆ ಭತ್ತದ ಕೊಯ್ಲು ಮುಂದಕ್ಕೆ ಹೋಗಿ, ಗೋಧಿ ಬಿತ್ತುವ ಅವಸರದಲ್ಲಿ ಹುಲ್ಲು ಸುಡುವ ಕೆಲಸ ಗಾಳಿ ನಿಶ್ಚಲವಾಗುವ ನವೆಂಬರ್ ತಿಂಗಳತ್ತ ಸರಿದು, ಹೊಗೆ ಊರೂರುಗಳನ್ನು ಮುಸುಕಿತು. ಒಂದು ಕಡೆ ಹೊರೆ ಇಳಿಸಿದರೆ ಇನ್ನೊಂದು ಕಡೆ ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನೂ ನೋಡಬೇಕೆಂಬ ಪಾಠ ಇದರಲ್ಲಿದೆ.

ಆ ಬಯಲಿನ ಜ್ಞಾನಿಗಳಾದ ಒಕ್ಕಲಿಗರು ಮಾಡಿದ ಕೆಲಸವೂ ಅಷ್ಟೇ ಗಮನಾರ್ಹ. ಭತ್ತ ಕೊಯ್ದ ನೆಲವನ್ನು ಉಳದೆಯೇ ಗೋಧಿಯನ್ನು ನೇರವಾಗಿ ಬಿತ್ತುವ ಶೂನ್ಯ ಉಳುಮೆಯನ್ನು ಅಲ್ಲಿ ಅನೇಕರು ಕೈಗೊಂಡರು. ನಿಂತ ಕೂಳೆಯ ನಡುವೆಯೇ ಬಿತ್ತಿ, ಕತ್ತರಿಸಿದ ಹುಲ್ಲನ್ನು ನೆಲದ ಮೇಲೆ ಹೊದಿಕೆಯಾಗಿ ಹರಡುವ ‘ಹ್ಯಾಪಿ ಸೀಡರ್’ ಎಂಬ ಯಂತ್ರವನ್ನು ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಆಸ್ಟ್ರೇಲಿಯದ ವಿಜ್ಞಾನಿಗಳೊಡನೆ ಸೇರಿ ರೂಪಿಸಿದರು. ಉಳುಮೆಯ ಡೀಸೆಲ್ ಉಳಿಯುತ್ತದೆ, ಭತ್ತದ ಮಡಿಯಲ್ಲಿ ಉಳಿದ ಹಸಿಯಲ್ಲಿಯೇ ಗೋಧಿ ಮೊಳೆಯುತ್ತದೆ, ಬಿತ್ತನೆ ಬೇಗ ಮುಗಿಯುವುದರಿಂದ ಕಾಳು ಕಟ್ಟುವಾಗ ಮಾರ್ಚ್‌ನ ಬಿಸಿಲಿನ ಹೊಡೆತ ತಗ್ಗುತ್ತದೆ. ನಮ್ಮಲ್ಲಿಯೂ ಎರಡನೆಯ ಬೆಳೆಗೆ ನೀರಿಲ್ಲದ ವರ್ಷ ಭತ್ತದ ಕೂಳೆಯನ್ನು ಸುಡದೆ, ಉಳಿದ ಹಸಿಯಲ್ಲಿ ಕಡಲೆಯನ್ನೋ ಜೋಳವನ್ನೋ ಬಿತ್ತಬಹುದು. ಸುಟ್ಟ ಹುಲ್ಲು ಬೂದಿ. ಬಿಟ್ಟ ಹುಲ್ಲು ಭೂತಾಯಿಯ ಸೆರಗು.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಪಂಜಾಬಿನಲ್ಲಿ ಪಂಪಿನ ವಿದ್ಯುತ್ತು ಉಚಿತ. ನಮ್ಮಲ್ಲಿ ನೀರಿನ ಕರ ಎಕರೆಯ ಲೆಕ್ಕ, ಲೀಟರಿನ ಲೆಕ್ಕವಲ್ಲ. ಎರಡೂ ಕಡೆ, ನೀರು ಉಳಿಸಿದ ಮಾತ್ರಕ್ಕೆ ಉಳಿಸಿದವನ ಬಿಲ್ಲಾಗಲಿ ಕರವಾಗಲಿ ತಗ್ಗುವುದಿಲ್ಲ. ನನ್ನ ದೊಡ್ಡಪ್ಪನ ಮಗ ಇದನ್ನೇ ನೇರವಾಗಿ ಹೇಳಿದ: “ತಮ್ಮಾ, ನೀ ಬಿಟ್ಟ ನೀರನ್ನ ನಡುವಿನವ ಪಂಪು ಹಚ್ಚಿ ಎತ್ತಿಕೊಂತಾನ. ನಿನ್ನ ತಂಗಿ ಊರಿಗೆ ಮುಟ್ಟಂಗಿಲ್ಲ.” ಈ ಮಾತನ್ನು ಅಲ್ಲಗಳೆಯುವಂತಿಲ್ಲ. ಇನ್ನೂ ಒಂದು ಅಪಾಯವಿದೆ: ಉಳಿದ ನೀರಿನಿಂದ ನಾವೇ ಮತ್ತೆರಡು ಎಕರೆ ಭತ್ತ ಹೆಚ್ಚಿಸಿಕೊಂಡರೆ, ಪದ್ಧತಿ ಹೊಸತಾದರೂ ಆಸೆ ಹಳೆಯದೇ. ಮಾರಯ್ಯ ಹೆಚ್ಚಿನ ಅಕ್ಕಿಯನ್ನು ಮರಳಿ ಒಯ್ಯದೆ ನಾಳೆಗೆಂದು ಮಡಕೆಯಲ್ಲಿ ಇಟ್ಟಿದ್ದರೆ ಲಕ್ಕಮ್ಮ ಸುಮ್ಮನಿರುತ್ತಿದ್ದಳೇ? ಉಳಿಸುವುದು ಅರ್ಧ ಕಾಯಕ. ಉಳಿದದ್ದನ್ನು ಸಲ್ಲಬೇಕಾದವರಿಗೆ ಸಲ್ಲಿಸಿದಾಗ ಮಾತ್ರ ಅದು ದಾಸೋಹ.

ಒಬ್ಬನ ನಿಷ್ಠೆ ಇಲ್ಲಿ ಸಾಲದು. ಅನುಭವ ಮಂಟಪದಂತೆ ಕೂಡಿ ಕುಳಿತು ಮಾತನಾಡುವ ನೆಲೆಯೊಂದು ಬೇಕು. ನೀರು ಬಳಕೆದಾರರ ಸಹಕಾರ ಸಂಘ ಇರಬೇಕಾದುದು ಅದಕ್ಕಾಗಿಯೇ. ನಮ್ಮ ತೂಬಿನ ಕೆಳಗಿನ ಒಂಬತ್ತು ಜನ ಒಂದು ಸಂಜೆ ಗುಡಿಯ ಕಟ್ಟೆಯ ಮೇಲೆ ಕುಳಿತು ಮೂರು ಮಾತಿಗೆ ಒಪ್ಪಿದೆವು: ಪೈಪು ತೋರಿಸದೆ ನೀರು ಕಟ್ಟುವುದಿಲ್ಲ, ಸರದಿ ಮುಗಿದ ರಾತ್ರಿ ತೂಬು ಮುಚ್ಚುತ್ತೇವೆ, ಉಳಿದ ನೀರಿನ ಮೇಲೆ ಭತ್ತ ವಿಸ್ತರಿಸುವುದಿಲ್ಲ. ಐದು ಸೆಂಟಿಮೀಟರಿನ ಒಂದು ಸರದಿ ತಪ್ಪಿದರೆ ಎಕರೆಗೆ ಸುಮಾರು ಎರಡು ಲಕ್ಷ ಲೀಟರ್. ನೂರು ಎಕರೆಗೆ ಎರಡು ಕೋಟಿ. ನಡುವಿನ ಊರಿನ ಇನ್ನೆರಡು ತೂಬಿನವರೂ ಕೈಜೋಡಿಸಿದರು. ಆ ಹಂಗಾಮಿನಲ್ಲಿ ತಂಗಿಯ ಊರಿಗೆ ಎರಡು ಸಲ ನೀರು ಮುಟ್ಟಿತು. ಅದು ನಮ್ಮಿಂದಲೇ ಎಂದು ಹೇಳಿಕೊಳ್ಳುವುದು ಅಹಂಕಾರವಾದೀತು. ಆ ವರ್ಷ ಮಳೆಯೂ ಚೆನ್ನಾಗಿತ್ತು. ಎರಡು ನೀರು ಭತ್ತಕ್ಕೆ ಸಾಲದು. ಜೋಳಕ್ಕೆ ಸಾಕಾಯಿತು.

ಸೊನ್ನಲಿಗೆಯಲ್ಲಿ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಬಂದು ಅವರನ್ನು ಕೆಣಕಿದ ಪ್ರಸಂಗವನ್ನು ಶೂನ್ಯಸಂಪಾದನೆ ವಿವರಿಸುತ್ತದೆ. ಪ್ರಭುಗಳಿಗೆ ಕೆರೆಯ ಮೇಲೆ ದ್ವೇಷವಿರಲಿಲ್ಲ. ಹೊರಗಿನ ಕೆರೆ ತುಂಬಿ ಒಳಗಿನ ಅರಿವು ಬರಿದಾಗಿರಬಾರದೆಂಬುದು ಅವರ ಕಳಕಳಿ. ಕೂರಿಗೆ, ಪೈಪು, ಶೂನ್ಯ ಉಳುಮೆಗಳಿಗೂ ಇದೇ ಮಾತು ಸಲ್ಲುತ್ತದೆ. ಅರಿವಿಲ್ಲದವನ ಕೈಯಲ್ಲಿ ಅವು ಇನ್ನಷ್ಟು ಬಾಚಿಕೊಳ್ಳುವ ಸಾಧನಗಳು. ಅರಿವುಳ್ಳವನ ಕೈಯಲ್ಲಿ ಅವೇ ದಾಸೋಹದ ಸಾಧನಗಳು.

ಆದ್ದರಿಂದ ಕಾಲುವೆಯ ಮೇಲ್ಭಾಗದಲ್ಲಿರುವ ಶರಣ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟೆ. ಈ ಮುಂಗಾರಿಗೆ ಒಂದೇ ಎಕರೆಯಲ್ಲಾದರೂ ಪೈಪು ಹೂಳಿ ನೋಡಿರಿ, ಇಲ್ಲವೆ ಕೂರಿಗೆಯಿಂದ ಬಿತ್ತಿ ನೋಡಿರಿ. ತೂಬು ಮುಚ್ಚುವ ಮೊದಲು ನಾಲೆಯ ಕೊನೆಯ ಊರಿನ ಹೆಸರನ್ನು ಒಮ್ಮೆ ನೆನೆಯಿರಿ. ಲಿಂಗಕ್ಕೆ ಎರೆಯುವ ನೀರು ಒಂದು ಗಿಂಡಿ ಸಾಕು. ಅದಕ್ಕಿಂತ ಹೆಚ್ಚು ಎರೆದರೆ ಭಕ್ತಿ ಹೆಚ್ಚಾಗುವುದಿಲ್ಲ. ಭೂಮಿಗೆ ಎರೆಯುವ ನೀರಿಗೂ ಅಂಥದೊಂದು ಗಿಂಡಿಯ ಅಳತೆ ಇದೆ. ಅದನ್ನು ಅರಿತು ಎರೆಯುವ ಬುದ್ಧಿಯನ್ನು ಅಮರೇಶ್ವರಲಿಂಗನು ನಮಗೆಲ್ಲರಿಗೂ ಕರುಣಿಸಲಿ.